ನಾಲ್ಕು ಆಟ, 19 ಪದಕ: ಒಕ್ಸಾನಾ ಮಾಸ್ಟರ್ಸ್ ಬಂದ ದಾರಿ

ಒಕ್ಸಾನಾ ಮಾಸ್ಟರ್ಸ್ ಎಂಬ ಹೆಸರನ್ನು ನಮ್ಮ ಮನೆಗಳಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಕ್ರಿಕೆಟಿಗರ ಹೆಸರು ಹೇಳು ಅಂದರೆ ನಮ್ಮ ಮಕ್ಕಳು ಎರಡು ಟೀಮಿನವರನ್ನೂ ನಿಂತಲ್ಲೇ ಹೇಳಿ ಮುಗಿಸ್ತಾರೆ. ಅದು ತಪ್ಪೇನಲ್ಲ. ಆದರೆ ಎರಡೂ ಕಾಲಿಲ್ಲದ ಒಬ್ಬ ಹೆಂಗಸು ದೋಣಿಯಲ್ಲಿ ಪದಕ ಗೆದ್ದು, ಆಮೇಲೆ ಹಿಮದ ಮೇಲೆ ಜಾರಿ ಗೆದ್ದು, ಜಾರುತ್ತಾ ಹೋಗಿ ಬಂದೂಕಿನಿಂದ ಗುರಿ ಹೊಡೆದು ಗೆದ್ದು, ಅದೂ ಸಾಲದು ಅಂತ ಸೈಕಲ್ ರೇಸಿನಲ್ಲೂ ಚಿನ್ನ ಗೆದ್ದಿದ್ದಾರೆ ಅಂದರೆ, ಅವರ ಹೆಸರೂ ಮನೆಯಲ್ಲಿ ಒಮ್ಮೆ ಬರಲಿ ಅಂತ ಈ ಬರಹ.

ಒಕ್ಸಾನಾ ಅಮೆರಿಕದ ಪರವಾಗಿ ಆಡುವವರು. 2012ರ ಲಂಡನ್‌ನಿಂದ 2024ರ ಪ್ಯಾರಿಸ್‌ವರೆಗಿನ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಅವರಿಗೆ ಸಿಕ್ಕಿದ್ದು 19 ಪದಕ. ಅದರಲ್ಲಿ ಒಂಬತ್ತು ಚಿನ್ನ, ಏಳು ಬೆಳ್ಳಿ, ಮೂರು ಕಂಚು. ಬೇಸಿಗೆಯ ಕ್ರೀಡಾಕೂಟದಲ್ಲಿ ಐದು, ಚಳಿಗಾಲದ ಕೂಟದಲ್ಲಿ ಹದಿನಾಲ್ಕು. ಲೆಕ್ಕ ಇಷ್ಟೇ. ಆದರೆ ಅವರು ಒಂದು ಆಟದಿಂದ ಇನ್ನೊಂದಕ್ಕೆ ಯಾಕೆ ಹೋದರು ಅನ್ನೋದು ನನಗೆ ಪದಕಕ್ಕಿಂತ ದೊಡ್ಡದಾಗಿ ಕಂಡಿತು. ಆಸೆಯಿಂದಲೇ ಎಲ್ಲಾ ಸಲವೂ ಹೋದದ್ದಲ್ಲ. ದೇಹ ಒಂದು ಬಾಗಿಲು ಮುಚ್ಚಿದಾಗ ಬೇರೆ ಬಾಗಿಲು ಹುಡುಕಿಕೊಂಡು ಹೋದದ್ದೂ ಇದೆ. ಹೋದಲ್ಲೆಲ್ಲಾ ಮತ್ತೆ ಅಲಿಫ್, ಬಾ ಕಲಿಯುವ ಮಗುವಿನ ಹಾಗೆ ಮೊದಲಿನಿಂದ ಶುರುಮಾಡಬೇಕಾಯ್ತು.

ಹುಟ್ಟಿದ್ದು 1989ರ ಜೂನ್‌ನಲ್ಲಿ, ಯುಕ್ರೇನಿನ ಖ್ಮೆಲ್ನಿಟ್ಸ್ಕಿ ಎಂಬ ಊರಿನಲ್ಲಿ. ಆಗ ಅದು ಸೋವಿಯತ್ ಒಕ್ಕೂಟದ ಭಾಗ. ಅದಕ್ಕೆ ಮೂರು ವರ್ಷ ಮೊದಲು, 1986ರ ಏಪ್ರಿಲ್ 26ರಂದು, ಅದೇ ಯುಕ್ರೇನಿನ ಚೆರ್ನೋಬಿಲ್‌ನಲ್ಲಿ ಅಣುಸ್ಥಾವರ ಸಿಡಿದಿತ್ತು. ಗಾಳಿ, ಹುಲ್ಲು, ಹಾಲು, ಅಣಬೆ, ಯಾವುದರಲ್ಲೂ ವಿಕಿರಣ ಸೇರಿದೆಯೋ ಏನೋ ಅಂತ ಜನ ಹೆದರುವ ಕಾಲ. ಈ ಮಗು ಹುಟ್ಟುವಾಗಲೇ ಎರಡೂ ಕಾಲುಗಳಲ್ಲಿ ದೇಹದ ಭಾರ ಹೊರುವ ಮೊಳಕಾಲಿನ ಮುಖ್ಯ ಎಲುಬು ಇರಲಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ. ಪ್ರತೀ ಪಾದದಲ್ಲಿ ಆರು ಬೆರಳು. ಕೈಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಹೆಬ್ಬೆರಳೇ ಇಲ್ಲ. ಮೂತ್ರಪಿಂಡ ಒಂದೇ. ತಾಯಿಯ ಗರ್ಭದಲ್ಲಿರುವಾಗ ವಿಕಿರಣ ತಗುಲಿದ್ದೇ ಇದಕ್ಕೆಲ್ಲಾ ಕಾರಣ ಅಂತ ವೈದ್ಯರು ಭಾವಿಸುತ್ತಾರೆ.

ಇದನ್ನು ಬರೆಯುವಾಗ ನಮ್ಮ ಕೊಕ್ಕಡ, ಪಟ್ರಮೆ ಕಡೆಯ ಮನೆಗಳು, ಗಡಿಯಾಚೆ ಕಾಸರಗೋಡಿನ ಮನೆಗಳು ಕಣ್ಣ ಮುಂದೆ ಬರದೆ ಇರುವುದಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಅಲೆದದ್ದು ತಾಯಂದಿರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಯಾರೋ ದೊಡ್ಡವರು ಎಲ್ಲೋ ಕೂತು ಮಾಡಿದ ತೀರ್ಮಾನಕ್ಕೆ ಎಳೆ ಮಗು ಬೆಲೆ ಕೊಡೋದು ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಕ್ಸಾನಾಳನ್ನು ಹೆತ್ತವರು ಬಿಟ್ಟುಕೊಟ್ಟರು. ಏಳು ವರ್ಷ ತುಂಬುವವರೆಗೆ ಒಂದಾದ ಮೇಲೊಂದು ಮೂರು ಅನಾಥಾಶ್ರಮ. ಹಸಿವು ಒಂದು ಕಡೆ. ಹೊಡೆತ, ಅದಕ್ಕಿಂತ ಕೆಟ್ಟದಾದ ಹಿಂಸೆ ಇನ್ನೊಂದು ಕಡೆ. ಅಲ್ಲಿ ತನ್ನ ಮೇಲೆ ಏನೇನು ನಡೆಯಿತು ಅನ್ನೋದನ್ನು ಅವರು ಬಹಳ ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. 2023ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಬರೆದರು. ಹೆಣ್ಣುಮಕ್ಕಳು ಕೂತು ಓದುವ ಪುಟ ಇದು, ಆ ವಿವರ ನಾನಿಲ್ಲಿ ಬರೆಯೋದಿಲ್ಲ. ಆದರೆ ಯತೀಂ ಮಕ್ಕಳನ್ನು ಸಾಕುವ ಸಂಸ್ಥೆಗಳಿಗೆ ವರ್ಷಕ್ಕೊಮ್ಮೆ ಅಕ್ಕಿ, ಬಟ್ಟೆ ಕೊಟ್ಟು ಬರುವ ನಾವು, ಒಳಗೆ ಮಕ್ಕಳು ಹೇಗಿದ್ದಾರೆ ಅಂತಲೂ ಒಮ್ಮೆ ನೋಡಿ ಬರಬೇಕು ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಈಗ ಆ ಫೋಟೊದ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಬಫಲೋ ನಗರದಲ್ಲಿ ಗೇ ಮಾಸ್ಟರ್ಸ್ ಅಂತ ಒಬ್ಬ ಪ್ರೊಫೆಸರ್. ಮಾತಿನ ತೊಂದರೆಗಳ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು. ಮದುವೆಯಾಗಿರಲಿಲ್ಲ, ಒಂದು ಮಗುವನ್ನು ದತ್ತು ತೆಗೆದುಕೊಳ್ಳಬೇಕು ಅಂತಿದ್ದರು. ಅವರ ಕೈಗೆ ಈ ಹುಡುಗಿಯ ಒಂದು ಕಪ್ಪು ಬಿಳುಪು ಫೋಟೊ ಸಿಕ್ಕಿತು. ಇವಳೇ ನನ್ನ ಮಗಳು ಅಂತ ಅವರು ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಆದರೆ ಅದೇ ಹೊತ್ತಿಗೆ ಯುಕ್ರೇನ್ ಸರಕಾರ ಹೊರದೇಶದವರಿಗೆ ಮಕ್ಕಳನ್ನು ದತ್ತು ಕೊಡುವುದನ್ನೇ ನಿಲ್ಲಿಸಿತು. ಎರಡು ವರ್ಷ ಕಾಯಬೇಕಾಯ್ತು. ಬೇರೆ ಮಗುವನ್ನು ನೋಡಿ ಅಂತ ಹೇಳಿದವರೂ ಇದ್ದರು. ಗೇ ಕೇಳಲಿಲ್ಲ. ಅತ್ತ ಅನಾಥಾಶ್ರಮದಲ್ಲಿದ್ದ ಹುಡುಗಿಗೂ ಗೇ ಅವರ ಒಂದು ಫೋಟೊ ಕೊಟ್ಟಿದ್ದರು. ಅವಳು ಅದನ್ನು ದಿನಾ ನೋಡೋದು, ಬರ್ತಾರೆ ಅಂತ ಕಾಯೋದು. ಕೊನೆಗೆ 1997ರ ಚಳಿಗಾಲದಲ್ಲಿ ಗೇ ಅಲ್ಲಿಗೆ ಹೋದಾಗ ಹುಡುಗಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಲಿಲ್ಲ. ಫೋಟೊದಿಂದ ಗುರುತು ಹಿಡಿದಳು. ವಯಸ್ಸು ಏಳಾಗಿದ್ದರೂ ಮೈ ಮೂರು ವರ್ಷದ ಮಗುವಿನಷ್ಟೇ ಇತ್ತಂತೆ.

ಅಮೆರಿಕದಲ್ಲಿ ಆಪರೇಶನ್‌ಗಳು ಶುರುವಾದವು. ಅಂಟಿದ್ದ ಬೆರಳುಗಳನ್ನು ಬಿಡಿಸಿದರು. ಇದ್ದ ಬೆರಳನ್ನೇ ತಿರುಗಿಸಿ ಕೂರಿಸಿ ಹೆಬ್ಬೆರಳಿನ ಕೆಲಸ ಮಾಡುವಂತೆ ಮಾಡಿದರು. ನಾವು ಒಂದು ಗ್ಲಾಸ್ ಹಿಡಿಯುವಾಗ ಹೆಬ್ಬೆರಳಿನ ನೆನಪೇ ಮಾಡುವುದಿಲ್ಲ. ಅದಿಲ್ಲದಿದ್ದರೆ ಹಿಡಿತವೇ ಇಲ್ಲ. ಮುಂದೆ ಅವರು ಗೆದ್ದ ಎಲ್ಲಾ ಆಟಗಳೂ ಹಿಡಿತದ ಆಟಗಳು. ದೋಣಿಯ ಹುಟ್ಟು, ಹಿಮದ ಕೋಲು, ಬಂದೂಕಿನ ಕುದುರೆ, ಸೈಕಲ್ಲಿನ ಹಿಡಿ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಒಂಬತ್ತನೆಯ ವರ್ಷದಲ್ಲಿ ಎಡಗಾಲನ್ನು ಮೊಣಕಾಲಿನ ಮೇಲಿಂದ ಕತ್ತರಿಸಬೇಕಾಯ್ತು. ಹದಿನಾಲ್ಕರಲ್ಲಿ ಬಲಗಾಲನ್ನೂ.

ಈ ನಡುವೆ ತಾಯಿ ಮಗಳು ಕೆಂಟಕಿ ರಾಜ್ಯದ ಲೂಯಿವಿಲ್ ನಗರಕ್ಕೆ ಬಂದು ನೆಲೆಸಿದ್ದರು. ಅಲ್ಲಿ ಹತ್ತಿರದಲ್ಲೇ ಓಹಿಯೊ ನದಿ. ವಿಕಲಚೇತನರಿಗೆ ದೋಣಿ ಓಡಿಸಲು ಕಲಿಸುವವರಿದ್ದರು. ಹದಿಮೂರು ವರ್ಷದ ಹುಡುಗಿಯನ್ನು ಗೇ ಅಲ್ಲಿಗೆ ಹೋಗು ಅಂತ ಹುರಿದುಂಬಿಸಿದರು. ಹುಡುಗಿಗೆ ಮೊದಲು ಇಷ್ಟವಿರಲಿಲ್ಲ. ಅಂಗವಿಕಲರಿಗೆ ಅಂತಲೇ ಬೇರೆ ಇಟ್ಟ ಆಟ ನನಗೆ ಯಾಕೆ ಅನ್ನೋ ರೋಷ. ಆ ವಯಸ್ಸಿನ ಮಕ್ಕಳನ್ನು ಸಾಕಿದವರಿಗೆ ಇದು ಅರ್ಥವಾಗುತ್ತದೆ. ಆದರೆ ನೀರಿಗಿಳಿದ ಮೇಲೆ ಬಿಡಲಿಲ್ಲ. ದಡದಲ್ಲಿ ಗಾಲಿಕುರ್ಚಿ, ಕೃತಕ ಕಾಲು, ನೋಡುವವರ ಕಣ್ಣು ಎಲ್ಲಾ ಇದೆ. ದೋಣಿ ದಡ ಬಿಟ್ಟರೆ ಅದ್ಯಾವುದೂ ಇಲ್ಲ. ಎಷ್ಟು ಗಟ್ಟಿಯಾಗಿ ಎಳೆಯುತ್ತೀಯೋ ನೀರು ಅಷ್ಟು ಜೋರಾಗಿ ಉತ್ತರ ಕೊಡುತ್ತದೆ. ಒಳಗಿದ್ದ ಹಳೆಯ ಸಿಟ್ಟನ್ನೆಲ್ಲಾ ಹುಟ್ಟಿನ ಮೂಲಕ ನೀರಿಗೆ ಬಿಟ್ಟೆ ಅನ್ನುವ ಅರ್ಥದಲ್ಲಿ ಅವರು ಹಲವು ಕಡೆ ಹೇಳಿಕೊಂಡಿದ್ದಾರೆ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂದು ಕಾಲು ಸಣ್ಣ, ಎಳೆದುಕೊಂಡು ನಡೆಯುತ್ತಿದ್ದ. ಮೀಲಾದ್ ಸಮಯದಲ್ಲಿ ಮಕ್ಕಳಿಗೆ ಓಟ, ಹಗ್ಗ ಜಗ್ಗಾಟ ಎಲ್ಲಾ ಇಡ್ತೇವಲ್ಲ. "ಉಸ್ತಾದ್, ನನ್ನ ಹೆಸರೂ ಬರೀರಿ" ಅಂದ. "ಬೇಡ ಮೋನೆ, ಬೀಳ್ತೀಯಾ" ಅಂತ ಹೇಳಿ, ಗೆದ್ದವರ ಹೆಸರು ಬರೆಯುವ ಪುಸ್ತಕ ಅವನ ಕೈಗೆ ಕೊಟ್ಟು ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿದೆ. ದೊಡ್ಡ ಕರುಣೆ ಮಾಡಿದೆ ಅಂತ ನನ್ನ ಎಣಿಕೆ. ಅವನು ಚಂದವಾಗಿ ಬರೆದ, ಒಂದು ಹೆಸರೂ ತಪ್ಪಲಿಲ್ಲ. ಮರುವರ್ಷ ಆ ದಿನ ಅವನು ಬರಲೇ ಇಲ್ಲ. ಜ್ವರ ಅಂತ ಅವನ ಉಮ್ಮ ಹೇಳಿ ಕಳಿಸಿದರು. ಬಿದ್ದರೆ ಏನಾಗುತ್ತಿತ್ತು? ಬೇರೆ ಮಕ್ಕಳೂ ಬಿದ್ದು ಮೊಣಕಾಲು ತರಚಿಕೊಂಡಿದ್ದರು, ಮುಲಾಮು ಹಚ್ಚಿ ಕಳಿಸಿದ್ದೆವು. ಗೇ ಮಾಸ್ಟರ್ಸ್ ಒಂದು ಕಾಲು ಕಳೆದುಕೊಂಡಿದ್ದ ಮಗಳನ್ನು ನದಿಗೆ ಕಳಿಸಿದರು ಅಂತ ಓದಿದ ದಿನ ಆ ಕುರ್ಚಿ ನನಗೆ ಮತ್ತೆ ನೆನಪಾಯ್ತು.

ಇರಲಿ. ಒಕ್ಸಾನಾ ಬೆಳೆದು ದೊಡ್ಡವರಾದ ಮೇಲೆ ಅವರಿಗೆ ದೋಣಿಯಲ್ಲಿ ಜೊತೆಗಾರನಾಗಿ ಸಿಕ್ಕಿದವರು ರಾಬ್ ಜೋನ್ಸ್. ಅಮೆರಿಕದ ಮರೀನ್ ಸೈನಿಕ. 2010ರಲ್ಲಿ ಅಫ್ಘಾನಿಸ್ತಾನದಲ್ಲಿ ನೆಲಬಾಂಬ್ ಸಿಡಿದು ಅವರ ಎರಡೂ ಕಾಲು ಹೋಗಿದ್ದವು. ಆ ಯುದ್ಧ ಯಾಕೆ, ಯಾರಿಗಾಗಿ ಅನ್ನೋ ಮಾತು ಬೇರೆ. ಇಲ್ಲಿ ದೋಣಿಯಲ್ಲಿ ಕೂತಿದ್ದವರು ಒಬ್ಬರು ಅಣುಸ್ಥಾವರದಿಂದ ಕಾಲು ಕಳೆದುಕೊಂಡವರು, ಇನ್ನೊಬ್ಬರು ಯುದ್ಧದಿಂದ. ಸೊಂಟ ಮತ್ತು ತೋಳುಗಳ ಬಲ ಮಾತ್ರ ಬಳಸುವವರ ಮಿಶ್ರ ಜೋಡಿ ವಿಭಾಗ ಅದು, ಒಂದು ಸಾವಿರ ಮೀಟರ್ ಓಟ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚೀನಾ, ಫ್ರಾನ್ಸ್ ಜೋಡಿಗಳ ಹಿಂದೆ ಇವರಿಗೆ ಕಂಚು. ಆ ವಿಭಾಗದಲ್ಲಿ ಅಮೆರಿಕಕ್ಕೆ ಬಂದ ಮೊದಲ ಪದಕವೂ ಅದೇ. ಅದೇ ಕೂಟದಲ್ಲಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದಿದ್ದರು. ಭಾರತಕ್ಕೆ ಲಂಡನ್‌ನಲ್ಲಿ ಬಂದದ್ದು ಆ ಒಂದೇ ಪದಕ.

ಲಂಡನ್ ಮುಗಿಯಿತು. ಜೋನ್ಸ್ ಕೃತಕ ಕಾಲುಗಳಲ್ಲಿ ಸೈಕಲ್ ತುಳಿದು ಅಮೆರಿಕ ದಾಟಲು ಹೊರಟರು. ಒಕ್ಸಾನಾ ಹಿಮಕ್ಕೆ ಹೋದರು. ಸ್ಕೀಯಿಂಗ್ ಕೋಚುಗಳು ಅವರ ತೋಳು, ಬೆನ್ನು ನೋಡಿ ಕರೆದಿದ್ದರು. ಅವರು ಕಲಿಯಲು ಶುರುಮಾಡಿ ಒಂದೂವರೆ ವರ್ಷ ಆಗುವುದರೊಳಗೆ 2014ರಲ್ಲಿ ರಷ್ಯದ ಸೋಚಿಯಲ್ಲಿ ಚಳಿಗಾಲದ ಕೂಟ. ಅಲ್ಲಿ 12 ಕಿಲೋಮೀಟರ್‌ನಲ್ಲಿ ಬೆಳ್ಳಿ, 5 ಕಿಲೋಮೀಟರ್‌ನಲ್ಲಿ ಕಂಚು.

ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ನೋಡಿದ ನಮ್ಮ ಊರಿನವರಿಗೆ ಈ ಆಟ ಹೇಗೆ ಅಂತ ಸ್ವಲ್ಪ ಹೇಳಬೇಕು. ಗುಡ್ಡದಿಂದ ಸರ್ರನೆ ಕೆಳಗಿಳಿಯುವ ಸ್ಕೀಯಿಂಗ್ ಅಲ್ಲ ಇದು. ಹಿಮ ತುಂಬಿದ ಬಯಲು, ದಿಣ್ಣೆ, ಕಾಡಿನ ನಡುವೆ ಮೈಲಿಗಟ್ಟಲೆ ಹೋಗುವ ಓಟ. ಕಾಲಿಲ್ಲದವರಿಗೆ ಎರಡು ಉದ್ದನೆಯ ಸ್ಕೀ ಹಲಗೆಗಳ ಮೇಲೆ ಒಂದು ಪುಟ್ಟ ಕುರ್ಚಿ ಬಿಗಿದಿರುತ್ತಾರೆ. ಅದನ್ನು ಸಿಟ್ ಸ್ಕೀ ಅಂತಾರೆ. ದೇಹವನ್ನು ಅದಕ್ಕೆ ಬೆಲ್ಟಿನಿಂದ ಕಟ್ಟಿ, ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಹಿಮಕ್ಕೆ ಚುಚ್ಚಿ ಚುಚ್ಚಿ ಮುಂದೆ ಹೋಗಬೇಕು. ದಿಣ್ಣೆ ಬಂದರೆ ಕಾಲಿನ ಸಹಾಯವಿಲ್ಲ, ಇಡೀ ಮೈಯನ್ನು ತೋಳಿನಲ್ಲೇ ಮೇಲೆ ಎಳೆಯಬೇಕು. ನಮ್ಮ ಹೊಳೆಗಳಲ್ಲಿ ಮರಳಿನ ದೋಣಿಯವರು ಜಲ್ಲ ಊರಿ ದೋಣಿ ದೂಡುವುದನ್ನು ನೋಡಿದವರಿಗೆ ಈ ಕೆಲಸದ ಒಂದು ಅಂದಾಜು ಸಿಗಬಹುದು.

ಬಯಾಥ್ಲಾನ್ ಅಂದರೆ ಇದರ ಜೊತೆಗೆ ಬಂದೂಕು. ಕೆಲವು ಕಿಲೋಮೀಟರ್ ಜೀವ ಬಿಟ್ಟು ಎಳೆದು ಬಂದು, ಏದುಸಿರು ಬಿಡುತ್ತಿರುವಾಗಲೇ ಮೈ ಬಗ್ಗಿಸಿ, ಹತ್ತು ಮೀಟರ್ ದೂರದಲ್ಲಿರುವ ಐದು ಗುರಿಗಳನ್ನು ಏರ್ ರೈಫಲ್‌ನಿಂದ ಹೊಡೆಯಬೇಕು. ಗುರಿಯ ಅಗಲ ನಮ್ಮ ಅಂಗಿಯ ಗುಂಡಿಯಷ್ಟು. ತಪ್ಪಿದರೆ ಶಿಕ್ಷೆಯಾಗಿ ಹೆಚ್ಚಿನ ಸುತ್ತು ಹೋಗಬೇಕು, ಇಲ್ಲವೇ ಸಮಯ ಸೇರಿಸುತ್ತಾರೆ. ಎದೆ ಡವಡವ ಹೊಡೆಯುವಾಗ ಕೈ ನಡುಗದೆ ನಿಲ್ಲಿಸೋದು ಹೇಗೆ ಅನ್ನೋದೇ ಈ ಆಟದ ಗುಟ್ಟು. ತೋಳಿನ ಬಲ ಒಂದೇ ಇದ್ದರೆ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಪ್ಯಾರಾ ಆಟಗಳಲ್ಲಿ ಯಾರಿಗೆ ಎಷ್ಟು ತೊಂದರೆ ಇದೆ ಅಂತ ಮೊದಲು ಪರೀಕ್ಷೆ ಮಾಡಿ ವರ್ಗ ಮಾಡುತ್ತಾರೆ. ಹಿಮದ ಓಟದಲ್ಲಿ ಕೂತು ಓಡುವವರೆಲ್ಲಾ ಒಂದೇ ರೇಸಿನಲ್ಲಿ ಇದ್ದರೂ ಗಡಿಯಾರ ಎಲ್ಲರಿಗೂ ಒಂದೇ ಥರ ಓಡೋದಿಲ್ಲ. ಸೊಂಟದ ಬಲವೂ ಇಲ್ಲದವರಿಗೆ ನೂರು ಸೆಕೆಂಡ್ ಆದರೆ 86 ಅಂತ ಲೆಕ್ಕ ಹಿಡಿಯುತ್ತಾರೆ. ಒಕ್ಸಾನಾ ಅವರ ಸೊಂಟ, ಬೆನ್ನು ಗಟ್ಟಿ ಇರುವುದರಿಂದ ಅವರಿಗೆ ರಿಯಾಯಿತಿ ಇಲ್ಲ. ನೂರಕ್ಕೆ ನೂರೇ. ನ್ಯಾಯ ಅಂದರೆ ಎಲ್ಲರಿಗೂ ಒಂದೇ ಅಳತೆ ಅಂತ ತಿಳಿದವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಸೋಚಿಯಲ್ಲಿ ಪದಕ ಬಂತು, ಆದರೆ ಬೆನ್ನು ಹೋಯ್ತು. ಆ ಪೆಟ್ಟಿನ ನಂತರ ದೋಣಿಗೆ ಮರಳುವುದು ಆಗಲಿಲ್ಲ. ಹುಟ್ಟು ಎಳೆಯುವಾಗ ಪ್ರತೀ ಸಲವೂ ಭಾರ ಬೀಳೋದು ಬೆನ್ನಿನ ಮೇಲೆ. ಹದಿಮೂರನೆಯ ವಯಸ್ಸಿನಿಂದ ಪ್ರೀತಿಸಿದ ಆಟ ಅಲ್ಲಿಗೆ ಮುಗಿಯಿತು. ಬೆನ್ನು ಸುಧಾರಿಸಲಿ ಅಂತ ಹಿಡಿದದ್ದು ಕೈ ಸೈಕಲ್. ಮೂರು ಚಕ್ರದ, ನೆಲಕ್ಕೆ ತಾಗುವಷ್ಟು ಕೆಳಗಿರುವ, ಪೆಡಲನ್ನು ಕಾಲಿನ ಬದಲು ಕೈಯಲ್ಲಿ ತಿರುಗಿಸುವ ಗಾಡಿ. ಹೆಚ್ಚಿನ ವರ್ಗದವರು ಮಲಗಿದ ಹಾಗೆ ಹಿಂದಕ್ಕೆ ಒರಗಿ ಓಡಿಸುತ್ತಾರೆ. ಒಕ್ಸಾನಾ ಇರುವ ಎಚ್5 ವರ್ಗದವರು ಮೊಣಕಾಲೂರಿ ಕೂತ ಹಾಗೆ ಮುಂದಕ್ಕೆ ಬಾಗಿ, ಮೈಭಾರವನ್ನೆಲ್ಲಾ ಕೈಗೆ ಕೊಟ್ಟು ತಿರುಗಿಸುತ್ತಾರೆ.

ಎರಡೇ ವರ್ಷದಲ್ಲಿ, 2016ರ ರಿಯೊ ಕೂಟಕ್ಕೆ ಸೈಕಲ್ ಹಿಡಿದು ಹೋದರು. ರಸ್ತೆ ಓಟದಲ್ಲಿ ನಾಲ್ಕನೆಯ ಸ್ಥಾನ, ಟೈಮ್ ಟ್ರಯಲ್‌ನಲ್ಲಿ ಐದನೆಯದು. ಬರಿಗೈ. ಇಂಥ ಬರಹಗಳಲ್ಲಿ ಸೋತ ವರ್ಷವನ್ನು ಒಂದು ಸಾಲಿನಲ್ಲಿ ಹಾರಿಸಿಬಿಡ್ತಾರೆ. ನಾನೂ ಹಾರಿಸುತ್ತಿದ್ದೆ. ಆದರೆ ಲಂಡನ್, ಸೋಚಿ ಎರಡರಲ್ಲೂ ಪದಕ ಗೆದ್ದವರು ಮೂರನೆಯ ಆಟದಲ್ಲಿ ಹೊಸಬರಾಗಿ ನಿಂತು ಸೋತು, ಆ ಆಟವನ್ನು ಬಿಡದೆ ಐದು ವರ್ಷ ಹಿಡಿದುಕೊಂಡದ್ದು ನನಗೆ ಆ ಎರಡು ಗೆಲುವಿಗಿಂತ ಹೆಚ್ಚು ಅನ್ನಿಸ್ತದೆ.

2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್. ಕೂಟಕ್ಕೆ ಮೂರು ವಾರ ಇರುವಾಗ ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲ ಮೊಣಕೈ ಕಳಚಿತು. ಕಾಲಿಲ್ಲದವರಿಗೆ ಕೈಯೇ ಕಾಲು, ಆ ಕೈಗೇ ಪೆಟ್ಟು. ಆದರೂ ಹೋದರು. ಮೊದಲ ದಿನ ಬಯಾಥ್ಲಾನ್‌ನಲ್ಲಿ ಬೆಳ್ಳಿ, ಮರುದಿನ 12 ಕಿಲೋಮೀಟರ್‌ನಲ್ಲಿ ಕಂಚು. ನಂತರದ ಬಯಾಥ್ಲಾನ್ ರೇಸಿನಲ್ಲಿ ಬಿದ್ದು ಅದೇ ಮೊಣಕೈಗೆ ಮತ್ತೆ ಪೆಟ್ಟಾಗಿ ಅರ್ಧದಲ್ಲೇ ಹಿಂದೆ ಸರಿಯಬೇಕಾಯ್ತು. ಅಲ್ಲಿಗೆ ಮುಗಿಯಿತು ಅಂತ ನೋಡಿದವರೆಲ್ಲಾ ಅಂದುಕೊಂಡಿರಬೇಕು. ಮಾರನೆಯ ದಿನ 1.1 ಕಿಲೋಮೀಟರ್ ಸ್ಪ್ರಿಂಟ್ ಇತ್ತು. ಅದರಲ್ಲಿ ಅವರ ಜೀವನದ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಕೂಟ ಮುಗಿಯುವಾಗ ಎರಡು ಚಿನ್ನ, ಎರಡು ಬೆಳ್ಳಿ, ಒಂದು ಕಂಚು. ಲಂಡನ್‌ನ ಕಂಚಿನಿಂದ ಮೊದಲ ಚಿನ್ನಕ್ಕೆ ಬರಲು ಆರು ವರ್ಷ ಹಿಡಿದಿತ್ತು.

ಕೊರೋನಾದಿಂದಾಗಿ ಟೋಕಿಯೊ ಕೂಟ ಒಂದು ವರ್ಷ ಮುಂದೆ ಹೋದದ್ದು ನಿಮಗೆ ನೆನಪಿರಬಹುದು. ಅದರಿಂದ ಒಕ್ಸಾನಾ ಅವರಿಗೆ ದೊಡ್ಡ ಇಕ್ಕಟ್ಟಾಯ್ತು. ಟೋಕಿಯೊ ಮುಗಿದದ್ದು 2021ರ ಸೆಪ್ಟೆಂಬರ್ 5ಕ್ಕೆ, ಚೀನಾದ ಬೀಜಿಂಗ್‌ನಲ್ಲಿ ಚಳಿಗಾಲದ ಕೂಟ ಶುರುವಾದದ್ದು 2022ರ ಮಾರ್ಚ್ 4ಕ್ಕೆ. ನಡುವೆ ಆರೇ ತಿಂಗಳು. ಅದೂ ಸಾಲದೆಂಬಂತೆ ಟೋಕಿಯೊಗೆ ಕೆಲವೇ ತಿಂಗಳು ಇರುವಾಗ ಕಾಲಿನ ಉಳಿದ ಭಾಗದಲ್ಲಿ ಗಡ್ಡೆ ಕಂಡು ಆಪರೇಶನ್ ಆಯ್ತು. ಫುಜಿ ಪರ್ವತದ ಹತ್ತಿರದ ಕಾರ್ ರೇಸಿನ ಟ್ರ್ಯಾಕಿನಲ್ಲಿ ಸೈಕಲ್ ಓಟ. ಟೈಮ್ ಟ್ರಯಲ್‌ನಲ್ಲಿ ಚಿನ್ನ, ಮರುದಿನ ರಸ್ತೆ ಓಟದಲ್ಲೂ ಚಿನ್ನ. ರಿಯೊದಲ್ಲಿ ಬರಿಗೈಯಲ್ಲಿ ಬಂದದ್ದಕ್ಕೆ ಲೆಕ್ಕ ಚುಕ್ತಾ ಆಯ್ತು. ಸೈಕಲ್ ಇಟ್ಟು, ಕೋಲು ಬಂದೂಕು ಹಿಡಿದು ಹಿಮಕ್ಕೆ ಹೋದರು. ಬೀಜಿಂಗ್‌ನಲ್ಲಿ ಸ್ಪರ್ಧಿಸಿದ ಏಳೂ ಸ್ಪರ್ಧೆಗಳಲ್ಲಿ ಪದಕ. ಬಯಾಥ್ಲಾನ್‌ನಲ್ಲಿ ಎರಡು ಚಿನ್ನ, ಮಿಶ್ರ ರಿಲೇಯಲ್ಲಿ ಒಂದು, ಉಳಿದ ನಾಲ್ಕು ಬೆಳ್ಳಿ. ಅಮೆರಿಕದ ಚಳಿಗಾಲದ ಪ್ಯಾರಾಲಿಂಪಿಕ್ಸ್ ಇತಿಹಾಸದಲ್ಲೇ ಇಷ್ಟು ಪದಕ ಅದುವರೆಗೆ ಯಾರಿಗೂ ಬಂದಿರಲಿಲ್ಲ.

ಬೀಜಿಂಗ್‌ನಲ್ಲಿ ಅವರ ಜೊತೆ ಚಿನ್ನಕ್ಕೆ ಪೈಪೋಟಿ ಮಾಡಿದ ಒಬ್ಬರು ಅವರದ್ದೇ ತಂಡದ ಕೆಂಡಲ್ ಗ್ರೆಟ್ಷ್. ಅವರೂ ಎರಡು ಆಟದವರೇ. ಟೋಕಿಯೊದ ಟ್ರಯಾಥ್ಲಾನ್‌ನಲ್ಲಿ ಅವರು ಚಿನ್ನ ಗೆದ್ದದ್ದು ಒಂದೇ ಒಂದು ಸೆಕೆಂಡಿನಿಂದ. ಬ್ರಿಟನ್ನಿನ ಸಾರಾ ಸ್ಟೋರಿ 1992ರಲ್ಲಿ ಈಜುಗಾರ್ತಿಯಾಗಿ ಬಂದು, ಆಮೇಲೆ ಸೈಕಲ್‌ಗೆ ಬದಲಾಗಿ, ಪ್ಯಾರಿಸ್ ಮುಗಿಯುವಾಗ ಒಟ್ಟು 19 ಚಿನ್ನ ಮಾಡಿದ್ದರು. ನಮ್ಮ ದೇಶದಲ್ಲೂ ಇದ್ದಾರೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ ಮೊದಲು ಬಾಕ್ಸರ್. ಆಮೇಲೆ ಟೇಬಲ್ ಟೆನಿಸ್, ಜಾವೆಲಿನ್ ಎಲ್ಲಾ ಆಡಿ, 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ನಲವತ್ತಾರು ವರ್ಷ ಆದ ಮೇಲೆ!

ಬೀಜಿಂಗ್ ಕೂಟಕ್ಕೆ ಎಂಟೊಂಬತ್ತು ದಿನ ಇರುವಾಗ ರಷ್ಯ ಯುಕ್ರೇನಿನ ಮೇಲೆ ದಾಳಿ ಮಾಡಿತು. ಒಕ್ಸಾನಾ ಅಮೆರಿಕದ ಬಟ್ಟೆ ತೊಟ್ಟಿದ್ದರೂ ಹುಟ್ಟಿದ ನೆಲದ ಮೇಲೆ ಬಾಂಬ್ ಬೀಳುವುದನ್ನು ಟಿವಿಯಲ್ಲಿ ನೋಡುತ್ತಾ ಆಡಬೇಕಾಯ್ತು. ತಮಗೆ ಬರುವ ಹಣದಲ್ಲಿ ಒಂದು ಪಾಲು ಯುಕ್ರೇನಿನ ವಿಕಲಚೇತನ ಮಕ್ಕಳ ಸಹಾಯಕ್ಕೆ ಕೊಡುತ್ತೇನೆ ಅಂತ ಹೇಳಿದರು. ಬಿಟ್ಟು ಹೋದ ಊರು, ಹೊಡೆದ ಊರು, ಆದರೂ ನನ್ನೂರು ಅನ್ನೋ ಭಾವನೆ. ದೇಶ ಬಿಟ್ಟು ಗಲ್ಫ್‌ನಲ್ಲಿ ದುಡಿಯುವ ನಮ್ಮವರಿಗೆ ಇದು ಬೇಗ ಅರ್ಥವಾದೀತು.

2024ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಸೈಕಲ್. ಮತ್ತೆ ಅದೇ ಎರಡು ಸ್ಪರ್ಧೆ, ಅದೇ ಎರಡು ಚಿನ್ನ. ಆಗ ವಯಸ್ಸು 35.

ಇಷ್ಟು ಓದಿದವರು "ಎಂಥಾ ಪವಾಡ" ಅನ್ನಬಹುದು. ನನಗೆ ಹಾಗೆ ಕಾಣೋದಿಲ್ಲ. ಎರಡು ವರ್ಷ ಕಾದ ಒಬ್ಬ ತಾಯಿ ಇದ್ದರು. ಹೆಬ್ಬೆರಳು ಮಾಡಿಕೊಟ್ಟ ವೈದ್ಯರಿದ್ದರು. ಊರಿನ ನದಿಯಲ್ಲಿ ವಿಕಲಚೇತನರಿಗೆ ಅಂತ ದೋಣಿ ಇಟ್ಟವರಿದ್ದರು. ಹಿಮದ ಆಟಕ್ಕೆ ಬಾ ಅಂತ ಕರೆದ ಕೋಚುಗಳಿದ್ದರು. ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಆ ತೋಳುಗಳ ಬಲ ಯಾರಿಗೂ ಗೊತ್ತಾಗದೆ ಹೋಗುತ್ತಿತ್ತು. ಪವಾಡ ಅಂದುಬಿಟ್ಟರೆ ನಮ್ಮ ಮೇಲೆ ಜವಾಬ್ದಾರಿ ಇಲ್ಲ, ಮೆಚ್ಚಿ ಮನೆಗೆ ಹೋಗಬಹುದು.

ನಮ್ಮ ಮನೆಗಳಲ್ಲಿ ಇಂಥ ಮಕ್ಕಳಿಗೆ ಪ್ರೀತಿ ಕಡಿಮೆ ಇಲ್ಲ. ಪ್ರೀತಿ ಹೆಚ್ಚಾಗಿಯೇ ಮಗು ಒಳಕೋಣೆಯಲ್ಲಿ ಉಳಿಯುತ್ತದೆ. ಹೆಣ್ಣುಮಗುವಾದರೆ ಇನ್ನೂ ಹೆಚ್ಚು, ಮದುವೆ ಮಾತುಕತೆಗೆ ಬಂದವರಿಗೆ ಕಾಣದಂತೆ ಇಡುವವರೂ ಇದ್ದಾರೆ. 2016ರಲ್ಲಿ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿಸಿದ್ದಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ತೊಂದರೆ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಇಂಥವರಿಗೆ ಆಟೋಟದಲ್ಲಿ ಅವಕಾಶ ಮಾಡಿಕೊಡಬೇಕು ಅಂತಲೂ ಅದರಲ್ಲಿ ಬರೆದಿದೆ. ಇದಕ್ಕೆಲ್ಲಾ ಮೊದಲು ಬೇಕಾದದ್ದು ಯುಡಿಐಡಿ ಕಾರ್ಡು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಕೊಡುತ್ತಾರೆ. ನಾಲ್ಕು ಜನರಿಗೆ ಗೊತ್ತಾಗ್ತದೆ ಅನ್ನೋ ಸಂಕೋಚಕ್ಕೆ ಕಾರ್ಡೇ ಮಾಡಿಸದ ಮನೆಗಳು ನನಗೆ ಗೊತ್ತು.

ಹೆಸರು ಬರೆಯುವ ಪುಸ್ತಕ ಹಿಡಿದು ಕೂತಿದ್ದ ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಈ ಬರಹಕ್ಕೆ ಕೂರುವ ಮೊದಲು ಪ್ಯಾರಿಸ್ ಓಟದ ಒಂದು ವಿಡಿಯೊ ಅವನಿಗೆ ಕಳಿಸಿದ್ದೆ. ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು. "ಉಸ್ತಾದ್, ಈ ಕೈ ಸೈಕಲ್ ನಮ್ಮಲ್ಲಿ ಎಲ್ಲಿ ಸಿಗ್ತದೆ? ಎಷ್ಟಾಗ್ತದೆ?" ನನಗೆ ಗೊತ್ತಿರಲಿಲ್ಲ. ವಿಚಾರಿಸಿ ಹೇಳ್ತೇನೆ ಅಂದಿದ್ದೇನೆ.